ಬಿಳಿ ಒಂದರ ಸ್ಯಾಕ್ಸೊಫೋನು

ನನ್ನ ಸ್ಯಾಕ್ಸೊಫೋನು ನೋಡಿದವರು ಮೊದಲು ಕೇಳುವುದು, ಇದು ಆಲ್ಟೋನೋ ಟೆನರೋ ಅಂತ. ಎರಡೂ ಅಲ್ಲ ಎಂದರೆ ನನಗೇ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಹೆಂಗಸು, ಅದರಲ್ಲೂ ಇಳಕಲ್ಲಿನ ನೇಕಾರರ ಮನೆಯವಳು, ಯಾರೋ ಬೇಡವೆಂದು ಕೊಟ್ಟದ್ದನ್ನು ಊದುತ್ತಿದ್ದಾಳೆ, ಪಾಪ ಎನ್ನುವ ಹಾಗೆ ಮುಖ ಮಾಡುತ್ತಾರೆ. ಯಾರೋ ಬೇಡವೆಂದು ಕೊಟ್ಟದ್ದು ಎನ್ನುವುದು ಮಾತ್ರ ನಿಜ. ಉಳಿದದ್ದನ್ನು ನಾನೇ ಹೇಳಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಮನೆಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. ಮದುವೆಯ ಕಾಲ ಬಂತೆಂದರೆ ಹುನಗುಂದದ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುತ್ತಿದ್ದ. ನಾನು ಪಿಯುಸಿ ಮುಗಿಸಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ, ಕರೆ ಬರುವವರೆಗೆ ಅಪ್ಪನ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದೆ. ಕ್ಲಾರ್ನೆಟ್ ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಮಳೆಗಾಲದಲ್ಲಿ ಅಪ್ಪ ಬೆರಳು ಮರೆಯಬಾರದೆಂದು ದಿನಾ ಅರ್ಧ ಗಂಟೆ ಊದುವಾಗ ನೋಡಿ ನೋಡಿ ಹಿಡಿದುಕೊಂಡಿದ್ದೆ. ಮನೆಯೊಳಗೆ ಊದಿದರೆ ಅವನು ಬೇಡ ಅನ್ನುತ್ತಿರಲಿಲ್ಲ. ಹೊರಗೆ ಊದುವ ಮಾತು ಬಂದಿರಲೇ ಇಲ್ಲ.

ಒಂದು ದಿನ ಅಪ್ಪನ ಕ್ಲಾರ್ನೆಟ್ಟಿನ ಕೀ ಮುರಿದು ಇಬ್ಬರೂ ಬಾಗಲಕೋಟೆಗೆ ಹೋದೆವು. ಹಳೇ ಊರಿನಲ್ಲಿ ಪೇಟಿ ರಿಪೇರಿ ಮಾಡುವ ಮಾಸ್ತರರೊಬ್ಬರಿದ್ದರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅವರ ಓಣಿ ಖಾಲಿಯಾಗುತ್ತಿತ್ತು. ಪಕ್ಕದ ಮನೆಯ ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದರು. ಮಾಸ್ತರರೂ ಅಂಗಡಿಯ ಸಾಮಾನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಅಪ್ಪನ ಕೀ ಬೆಸೆಯಲು ಮಾತ್ರ ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು ಕೂತರು. ಆ ಮೂಲೆಯಲ್ಲೇ, ಹರಿದ ಪೇಟಿ ತಿದಿಗಳ ನಡುವೆ, ಕಪ್ಪಾದ ಒಂದು ಸ್ಯಾಕ್ಸೊಫೋನು ಮಲಗಿತ್ತು.

"ಮಾಸ್ತರ, ಇದ್ಯಾವ ಸ್ಯಾಕ್ಸ್‌ರಿ?" ಎಂದೆ.

"ಅದು ಯಾರಿಗೂ ಬ್ಯಾಡಾದ್ದು ತಂಗಿ. ನಾಟಕ ಕಂಪನಿ ಒಂದು ಮುರದಾಗ ನನ್ನ ಕಡೆ ಬಂತು. ಆಲ್ಟೋಕಿಂತ ದೊಡ್ಡದು, ಟೆನರ್‌ಕಿಂತ ಸಣ್ಣದು. ಸಿ ಮೆಲಡಿ ಅಂತಾರ. ಈಗ ಇದನ್ನ ಮಾಡೂದ ಬಿಟ್ಟಾರ."

"ಯಾಕ ಬಿಟ್ರು?"

ಮಾಸ್ತರರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಇನ್ನೂ ಚೀಲಕ್ಕೆ ಹಾಕಿರದ ಪೇಟಿಯೊಂದನ್ನು ಎಳೆದುಕೊಂಡು ಬಿಳಿ ಮನೆಯೊಂದನ್ನು, ಅಂದರೆ ಬಿಳಿ ಕೀಯೊಂದನ್ನು, ಒತ್ತಿದರು. "ಇದು ಬಿಳಿ ಒಂದು. ನಿಮ್ಮಪ್ಪ ಕ್ಲಾರ್ನೆಟ್‌ನ್ಯಾಗ ಸಾ ಹಿಡದ್ರ ಪೇಟಿ ಮ್ಯಾಲೆ ಕರಿ ಐದು ಬರತೈತಿ. ಟೆನರ್ ಸ್ಯಾಕ್ಸೂ ಹಂಗ. ಆಲ್ಟೋದಾಗ ಹಿಡದ್ರ ಇನ್ನೆಲ್ಲೋ ಬರತೈತಿ. ಬ್ಯಾಂಡಿನ ವಾದ್ಯ ಎಲ್ಲಾ ಹಿಂಗ, ಕರಿಯೋದು ಒಂದು, ಬರೋದು ಒಂದು. ಇದರಾಗ ಮಾತ್ರ ಹಂಗಿಲ್ಲ. ಇದರ ಸಾ ಅಂದ್ರ ಪೇಟಿ ಬಿಳಿ ಒಂದ. ಮನಿಯಾಗ ಪೇಟಿ ಜೋಡಿ ಊದಲಿ ಅಂತ ಮಾಡಿದ್ದಂತ. ಬ್ಯಾಂಡಿನವರಿಗೆ ಬ್ಯಾಡಾತು, ನಿಂತುಹೋತು."

ನಾನು ಅದನ್ನು ಎತ್ತಿಕೊಂಡೆ. ಕುತ್ತಿಗೆಯ ಹತ್ತಿರ ಹಸಿರು ಕಿಲುಬು ಹಿಡಿದಿತ್ತು. ಕೀಗಳ ಕೆಳಗಿನ ಚರ್ಮದ ಪ್ಯಾಡುಗಳು ಒಣಗಿ ಒಡೆದಿದ್ದವು. ಊದುವ ಮೌತ್‌ಪೀಸ್ ಇರಲೇ ಇಲ್ಲ. ಆದರೂ ನನ್ನ ಬೆರಳು ಕೀಗಳ ಮೇಲೆ ತಾವಾಗಿಯೇ ಕೂತವು.

"ಒಯ್ಯಿ ತಂಗಿ," ಎಂದರು ಮಾಸ್ತರರು. "ನೀರಿಗೆ ಬಿಡೂದಕ್ಕಿಂತ ನಿನ್ನ ಕಡೆ ಇರಲಿ."

"ಇದನ್ನ ರಿಪೇರಿ ಯಾರು ಮಾಡ್ತಾರ್ರಿ?" ಎಂದ ಅಪ್ಪ.

"ಇಕೀನ ಮಾಡ್ತಾಳ. ಅದೇನ್ ಬ್ರಹ್ಮವಿದ್ಯಾನ?" ಎಂದು ಮಾಸ್ತರರು ತಿದಿಗೆ ಹಾಕುವ ಮೆತ್ತನೆಯ ಚರ್ಮದ ಒಂದು ತುಂಡನ್ನೂ ಕೊಟ್ಟು, ಪ್ಯಾಡ್ ಕತ್ತರಿಸುವುದು, ಅರಗು ಕಾಯಿಸಿ ಕೂರಿಸುವುದು ಹೇಗೆಂದು ತೋರಿಸಿದರು.

ವಾಪಸು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಕರದಂಟು ಮಾರುವವರು ಕಿಟಕಿಗೆ ಬಂದರು. ನನ್ನ ತೊಡೆಯ ಮೇಲಿದ್ದದ್ದನ್ನು ನೋಡಿ ಒಬ್ಬ, "ಇದ್ಯಾವ ಹುಕ್ಕಾರೀ ಇಷ್ಟ ದೊಡ್ಡದು?" ಎಂದ. ಬಸ್ಸಿನ ಮಂದಿ ನಕ್ಕರು. ಅಪ್ಪ ತನ್ನ ಟವೆಲನ್ನು ಅದರ ಮೇಲೆ ಹೊದಿಸಿದ. ನಾನು ತೆಗೆದು ಅವನ ಕೈಗೆ ಕೊಟ್ಟೆ.

ಎರಡು ತಿಂಗಳು ಅದರ ರಿಪೇರಿಗೆ ಕೂತೆ. ಮಾಸ್ತರರು ಹೇಳಿಕೊಟ್ಟಿದ್ದ ಹಾಗೆ ವೈರಿಗೆ ಕಟ್ಟಿದ ಸಣ್ಣ ಬಲ್ಬನ್ನು ಕೊಳವೆಯೊಳಗೆ ಇಳಿಬಿಟ್ಟು, ಕೀ ಮುಚ್ಚಿ, ಬೆಳಕು ಎಲ್ಲಿ ಸೋರುತ್ತದೆಂದು ನೋಡುತ್ತಿದ್ದೆ. ಬೆಳಕು ಸೋರಿದಲ್ಲಿ ಗಾಳಿಯೂ ಸೋರುತ್ತದೆ. ಆ ಪ್ಯಾಡ್ ಬಿಚ್ಚಿ ಮತ್ತೆ ಕೂರಿಸಬೇಕು. ಸ್ಪ್ರಿಂಗ್ ಮುರಿದಲ್ಲಿ ಹೊಲಿಗೆ ಸೂಜಿ ಹಾಕಿದೆ. ಅಪ್ಪ ಬ್ಯಾಂಡಿನ ಗೆಳೆಯನಿಂದ ಟೆನರಿನ ಹಳೇ ಮೌತ್‌ಪೀಸೊಂದನ್ನು ತಂದುಕೊಟ್ಟ. ಅದು ಸಡಿಲವಾಗಿತ್ತು. ಕುತ್ತಿಗೆಗೆ ಮಗ್ಗದ ನೂಲು ಬಿಗಿಯಾಗಿ ಸುತ್ತಿ, ಮೇಲೆ ಮೇಣ ತಿಕ್ಕಿ ಕೂರಿಸಿದೆ.

ಮೊದಲ ಸ್ವರ ಬಂದ ದಿನ ಅವ್ವ ಒಲೆಯ ಮುಂದಿನಿಂದಲೇ, "ಯಾರಿಗೋ ನೆಗಡಿ ಆದಂಗ ಕೇಳಸತೈತಲ್ಲ," ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ಆಲ್ಟೋದ ಹಾಗೆ ಅದು ಎದುರು ಬಂದು ನಿಲ್ಲುವುದಿಲ್ಲ. ಟೆನರಿನ ಹಾಗೆ ಎದೆ ತುಂಬಿಕೊಂಡೂ ಬರುವುದಿಲ್ಲ. ಗಂಟಲು ಕಟ್ಟಿದ ಹೆಂಗಸು ತನಗಾಗಿ ತಾನು ಹಾಡಿಕೊಂಡಂತೆ ಬರುತ್ತದೆ. ಮೇಲಿನ ಸ್ವರಗಳು ಸ್ವಲ್ಪ ಏರಿ ನಿಲ್ಲುತ್ತವೆ, ಪ್ರತಿಯೊಂದನ್ನೂ ತುಟಿಯಿಂದ ಹಿಡಿದು ಕೆಳಗೆ ತರಬೇಕು. ಒಂದು ಗಳಿಗೆ ಮೈಮರೆತರೆ ಮೋಸ ಮಾಡುತ್ತದೆ. ನನಗೆ ಅದು ಇಷ್ಟವಾಯಿತು.

ಆ ವರ್ಷದ ಮದುವೆ ಕಾಲದಲ್ಲಿ ಬ್ಯಾಂಡಿನ ಟೆನರ್ ಊದುವವನು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ. ಅಪ್ಪ ಮಾಲಕರಿಗೆ ನನ್ನ ಹೆಸರು ಹೇಳಿದ. ಬೇರೆ ಯಾರೂ ಸಿಗದ್ದಕ್ಕೆ ಅವರು ಹೂಂ ಅಂದರು. ಚೂಡಿದಾರದ ಮೇಲೆ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಹುನಗುಂದದ ಒಂದು ಮದುವೆಯ ಮೆರವಣಿಗೆಯಲ್ಲಿ ನಿಂತೆ. ಬ್ಯಾಂಡಿನವರು ಹಿಡಿಯುವ ಬೆರಳಲ್ಲೇ ನಾನು ಹಿಡಿದರೆ ನನ್ನದು ಅವರಿಗಿಂತ ಒಂದು ಪೂರಾ ಸ್ವರ ಮೇಲೆ ಬರುತ್ತದೆಂದು ಗೊತ್ತಿತ್ತು. ಅದಕ್ಕೇ ನಾಲ್ಕು ಹಾಡುಗಳನ್ನು ಒಂದು ಸ್ವರ ಕೆಳಗಿನ ಬೆರಳಿಗೆ ಇಳಿಸಿಕೊಂಡು ಅಪ್ಪನ ಜೊತೆ ತಯಾರಿ ಮಾಡಿಕೊಂಡಿದ್ದೆ. ನಾಲ್ಕೂ ಹಾಡು ಸರಿಯಾಗಿ ಹೋದವು. ಐದನೆಯದಾಗಿ ಮಾಲಕರು ಬೇರೆಯದನ್ನು ಕರೆದರು. ನನ್ನ ಬೆರಳು ರೂಢಿಯ ಮೇಲೆ ಕ್ಲಾರ್ನೆಟ್ಟಿನ ದಾರಿ ಹಿಡಿದವು. ಇಡೀ ಬ್ಯಾಂಡು ಒಂದು ಕಡೆ, ನಾನು ಒಂದು ಕಡೆ.

ಮಾಲಕರು ಕೈ ಎತ್ತಿ ಬ್ಯಾಂಡು ನಿಲ್ಲಿಸಿದರು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಕುದುರೆಯ ಮೇಲಿನ ಮದುಮಗ, ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ಈ ಡಬ್ಬಿ ಬ್ಯಾಂಡಿಗೆ ಬರೂದಿಲ್ಲ," ಎಂದರು ಮಾಲಕರು. "ಇದರ ಸುರ ಸೇರೂದಿಲ್ಲ. ಹೋಗಿ ಹಂದರದಾಗ ಹೆಣ್ಮಕ್ಕಳ ಜೋಡಿ ಕೂಡು ಹೋಗು."

ನಾನು ಅಲ್ಲೇ ನಿಂತು ಕೇಳಿದೆ. "ಸುರ ಸೇರಿದ್ರ ತಗೋತೀರೇನ್ರಿ?"

"ಸೇರಿದ್ರ ಯಾಕ ತಗೋಬಾರದು? ಸೇರಿಸ್ಕೊಂಡು ಬಾ."

ಅಷ್ಟು ಮಂದಿಯ ಮುಂದೆ ಆಡಿದ ಮಾತು. ನಾನು ನಂಬಿದೆ.

ಮಳೆಗಾಲ ಪೂರ್ತಿ ಅದಕ್ಕೇ ಕೊಟ್ಟೆ. ಬ್ಯಾಂಡಿನ ಹಾಡುಗಳ ಪಟ್ಟಿ ಅಪ್ಪನ ನೋಟುಬುಕ್ಕಿನಲ್ಲಿತ್ತು, ಅರವತ್ತರ ಮೇಲೆ. ಒಂದೊಂದನ್ನೂ ಒಂದು ಸ್ವರ ಕೆಳಗೆ ಇಳಿಸಿ ಕಲಿತೆ. ಅಪ್ಪ ಮಗ್ಗದ ಕುಣಿಯಲ್ಲೇ ಕಾಲು ಇಳಿಬಿಟ್ಟು ಕೂತು ಕ್ಲಾರ್ನೆಟ್ ಊದುತ್ತಿದ್ದ, ನಾನು ಎದುರಿನ ಗೋಡೆಗೆ ಒರಗಿ ಜೊತೆ ಕೊಡುತ್ತಿದ್ದೆ. ಹೀಗೆ ಕಲಿಯುವುದು ಬರೆಯುವ ಕೈಯನ್ನು ಬದಲಿಸಿದ ಹಾಗೆ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಆಮೇಲೆ ಯಾವಾಗಲೋ ಬಂದುಬಿಟ್ಟಿರುತ್ತದೆ.

ದೀಪಾವಳಿ ಕಳೆದ ಮೇಲೆ ಅಪ್ಪನ ಜೊತೆ ಹುನಗುಂದಕ್ಕೆ, ಮಾಲಕರ ಮನೆಗೆ ಹೋದೆ. ಹೊಸ ಮದುವೆ ಕಾಲಕ್ಕೆ ತಾಲೀಮು ಮಾಡಲು ಬ್ಯಾಂಡಿನವರು ಅಂಗಳದಲ್ಲಿ ಸೇರಿದ್ದರು. ಮಾಲಕರು ಹಾಡು ಹೇಳುತ್ತಾ ಹೋದರು, ನಾನು ಊದುತ್ತಾ ಹೋದೆ. ಆರನೆಯದಕ್ಕೋ ಏಳನೆಯದಕ್ಕೋ ಯೂಫೋನಿಯಂ ಹಿಡಿದವನೊಬ್ಬ ಕಾಲಿನಿಂದ ತಾಳ ಹಾಕತೊಡಗಿದ. ಕೊನೆಗೆ ಮಾಲಕರು ಪಟ್ಟಿಯಲ್ಲಿಲ್ಲದ ಒಂದು ಹಳೇ ನಾಟಕದ ಪದ ತೆಗೆದರು. ಒಂದು ಸುತ್ತು ಕೇಳಿಸಿಕೊಂಡು ಎರಡನೆಯ ಸುತ್ತಿಗೆ ಅದನ್ನೂ ಹಿಡಿದೆ. ಒಂದು ಕಡೆಯೂ ಸ್ವರ ಜಾರಲಿಲ್ಲ.

ಮಾಲಕರು ಬೀಡಿ ಹಚ್ಚಿದರು. "ಸುರ ಸೇರತೈತಿ. ಅದಕ್ಕೇನೂ ಅನ್ನಂಗಿಲ್ಲ. ಆದ್ರ ತಂಗಿ, ಮದಿವಿ ಮಂದಿ ನಿನ್ನ ನೋಡ್ತಾರೋ, ಮದುಮಗಳನ್ನ ನೋಡ್ತಾರೋ?"

ಕೆಲವರು ನಕ್ಕರು. ತಾಳ ಹಾಕಿದವನು ನಗಲಿಲ್ಲ.

"ಅಂದ್ರ, ಹೋದ ಸಲ ಸುರ ಸೇರೂದಿಲ್ಲ ಅಂದಿದ್ದು ಸುಳ್ಳೇನ್ರಿ?"

"ಸುಳ್ಳಲ್ಲ. ಆಗ ಅದಿತ್ತು, ಈಗ ಇದೈತಿ."

ನಾನು ಅಪ್ಪನ ಕಡೆ ನೋಡಿದೆ. ಅವನು ಕ್ಲಾರ್ನೆಟ್ಟಿನ ಕೀಗಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

"ಹಂಗಾರ ಮೊದಲ ಹೇಳಬೇಕಾಗಿತ್ರಿ," ಎಂದೆ. "ನಾ ಕಲತದ್ದಂತೂ ನಿಮಗ ವಾಪಸ್ ಕೊಡಾಕ ಬರೂದಿಲ್ಲ." ಸ್ಯಾಕ್ಸೊಫೋನನ್ನು ಚೀಲಕ್ಕೆ ಹಾಕಿ ಎದ್ದೆ. ಅಪ್ಪನೂ ಎದ್ದ.

ಬಸ್ಸು ಇಳಕಲ್ ಹತ್ತಿರ ಬಂದಾಗ ಅವನು, "ಅಲ್ಲಿ ನಾ ಮಾತಾಡಬೇಕಾಗಿತ್ತು," ಎಂದ.

"ಹೌದು," ಎಂದೆ. "ಆಡಬೇಕಾಗಿತ್ತು."

ಇರಲಿ ಬಿಡು ಎನ್ನಬಹುದಿತ್ತು. ಅನ್ನಲಿಲ್ಲ. ಆ ಮದುವೆ ಕಾಲಕ್ಕೂ ಅವನು ಬ್ಯಾಂಡಿಗೆ ಹೋದ. ಇಪ್ಪತ್ತು ವರ್ಷ ಹೋದ ಜಾಗ, ಬಿಡು ಅಂತ ನಾನು ಹೇಳಲಿಲ್ಲ. ಆದರೆ ಅವನು ಕೆಂಪು ಕೋಟು ಹಾಕಿಕೊಂಡು ಹೊರಟಾಗ ನಾನು ಕಂಡಿಕೆಯಿಂದ ತಲೆ ಎತ್ತುತ್ತಿರಲಿಲ್ಲ.

ಮದುವೆಗಳು ಮುಗಿದು ಅವನು ಮತ್ತೆ ಮಗ್ಗಕ್ಕೆ ಇಳಿದ ಮೇಲೆ ಒಂದು ಸಂಜೆ ಇಬ್ಬರೂ ಊದಲು ಕೂತೆವು. ರೂಢಿಯಂತೆ ನಾನು ಬೆರಳು ಇಳಿಸಿಕೊಂಡು ಶುರು ಮಾಡಿದೆ. ಅವನ ಸ್ವರ ನನ್ನದಕ್ಕಿಂತ ಮೇಲೆ ಬಂತು. ತಪ್ಪಿದನೆಂದು ನಿಲ್ಲಿಸಿದೆ.

"ನೀ ನಿನ್ನ ಸಾ ಹಿಡಿ," ಎಂದ ಅಪ್ಪ. "ಬಿಳಿ ಒಂದು. ನಾ ಬರ್ತೇನಿ ಅಲ್ಲಿಗೆ."

ಅಷ್ಟು ದಿನ ನನಗೆ ಹೇಳದೆ, ಬ್ಯಾಂಡಿನ ಬಿಡುವಿನಲ್ಲಿ ಅವನು ಕ್ಲಾರ್ನೆಟ್ಟಿನಲ್ಲಿ ಎಲ್ಲ ಹಾಡುಗಳನ್ನೂ ಒಂದು ಸ್ವರ ಮೇಲಿನ ಬೆರಳಿಗೆ ಕಲಿತುಕೊಂಡಿದ್ದ. ಐವತ್ತು ದಾಟಿದವನು, ಅಲ್ಲಲ್ಲಿ ತೊಡರುತ್ತಿದ್ದ. ತೊಡರಿದಲ್ಲಿ ನಾನು ನಿಧಾನ ಮಾಡಿದೆ. ಆ ದಿನದಿಂದ ಮನೆಯಲ್ಲಿ ನಾನು ಬೆರಳು ಇಳಿಸಲಿಲ್ಲ.

ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಹೆಂಗಸರು ಗುಡಿಯಲ್ಲಿ ಭಜನೆ ಮಾಡುತ್ತಿದ್ದರು. ಎಲ್ಲರೂ ಮಗ್ಗದ ಮನೆಯವರೇ. ಪೇಟಿ ನುಡಿಸುತ್ತಿದ್ದವಳು ಎರಡು ಮನೆ ಆಚೆಗಿನ, ನಲವತ್ತರ ಹತ್ತಿರದ ಹೆಂಗಸು. ಓಣಿಗೆಲ್ಲ ಅವಳು ಪೇಟಿ ಅಕ್ಕ. ಒಂದು ದಿನ ಬಾಗಿಲಲ್ಲಿ ನಿಂತು, "ದಿನಾ ಕೇಳ್ತೇನಿ. ನಿನ್ನ ಆ ನೆಗಡಿ ಪೇಟಿ ನಮ್ಮ ಪದಕ್ಕ ಬರತೈತೇನ?" ಎಂದು ಕೇಳಿದಳು.

"ನೀವು ಯಾವ ಮನಿ ಮ್ಯಾಲೆ ಹಾಡ್ತೀರಿ ಅಕ್ಕಾ?"

"ಕರಿ ನಾಕು."

"ಹಂಗಾರ ನಂದೂ ಕರಿ ನಾಕ."

ಲೆಕ್ಕವಿಲ್ಲ, ಇಳಿಸುವುದಿಲ್ಲ, ಏರಿಸುವುದಿಲ್ಲ. ಅವಳು ಹೆಸರು ಹೇಳಿದ ಮನೆಗೆ ನಾನು ನೇರ ಹೋಗಿ ಕೂತೆ. ಅವಳ ಪೇಟಿ, ಹತ್ತು ಹೆಂಗಸರ ದನಿ, ಅದರ ಕೆಳಗೆ ನನ್ನದು. ಬ್ಯಾಂಡಿನಲ್ಲಿ ಡಬ್ಬಿ ಎನಿಸಿಕೊಂಡದ್ದು ಅಲ್ಲಿ ಇನ್ನೊಂದು ದನಿಯಾಯಿತು. ಯಾರ ಹಾಡನ್ನೂ ಮುಚ್ಚಲಿಲ್ಲ. ಆಲ್ಟೋ ಆಗಿದ್ದರೆ ಮುಚ್ಚುತ್ತಿತ್ತು, ಇದನ್ನು ನಾನು ಖಡಾಖಂಡಿತ ಹೇಳಬಲ್ಲೆ.

ಎರಡನೆಯ ಸೋಮವಾರಕ್ಕೇ ಗುಡಿಯ ಹಿರಿಯರೊಬ್ಬರು ಬಂದರು. ಓಣಿಯ ಕಕ್ಕ, ನನ್ನನ್ನು ಎತ್ತಿ ಆಡಿಸಿದವರು. "ಗುಡಿಯಾಗ ಎಂಜಲ ವಾದ್ಯ ಬ್ಯಾಡ," ಎಂದರು.

"ಕಕ್ಕಾ, ಹಬ್ಬದಾಗ ಸನಾದಿಯವರು ಗುಡಿ ಮುಂದ ಊದ್ತಾರಲ್ಲ, ಅವರು ಮೂಗಿನಿಂದ ಊದ್ತಾರೇನು?" ಎಂದೆ.

"ಅವರು ಹೊರಗ ನಿಂತು ಊದ್ತಾರ."

ನಾನು ಇನ್ನೇನೋ ಅನ್ನುವಷ್ಟರಲ್ಲಿ ಪೇಟಿ ಅಕ್ಕ ತಿದಿ ಮುಚ್ಚಿ, ಪೇಟಿಯನ್ನು ಸೊಂಟಕ್ಕೆ ಎತ್ತಿಕೊಂಡು ಹೊರನಡೆದಳು. ಗುಡಿಯ ಎದುರಿನ ಬೇವಿನ ಕಟ್ಟೆಯ ಮೇಲೆ ಇಟ್ಟು ಕೂತಳು. ಒಬ್ಬೊಬ್ಬರಾಗಿ ಉಳಿದವರೂ ತಾಳ ಹಿಡಿದು ಎದ್ದರು. ಯಾರೂ ಜಗಳ ಮಾಡಲಿಲ್ಲ. ಆ ದಿನ ಭಜನೆ ಕಟ್ಟೆಯ ಮೇಲೆ ಆಯಿತು. ಮುಂದಿನ ಸೋಮವಾರವೂ ಅಲ್ಲೇ. ಒಳಗೆ ಕಕ್ಕ ದೀಪ ಹಚ್ಚಿ ಒಬ್ಬರೇ ಕೂತಿರುತ್ತಿದ್ದರು.

ಐದಾರು ವಾರವಾದ ಮೇಲೆ ಅವರು ಹೊಸ್ತಿಲಿಗೆ ಬಂದು ನಿಂತರು. "ಗಾಳಿ ಭಾಳ ಐತಿ. ಒಳಗ ಬರ್ರಿ ಎಲ್ಲಾರೂ."

ಪೇಟಿ ಅಕ್ಕ ನನ್ನ ಕಡೆ ನೋಡಿದಳು.

"ಇಲ್ಲೇ ಛಂದ ಐತಿ ಕಕ್ಕಾ," ಎಂದೆ. "ನೀವ ಬರ್ರಿ."

ಬರಲಿಲ್ಲ ಅವರು. ನಾವೂ ಹೋಗಲಿಲ್ಲ. ಈಗ ಯೋಚಿಸಿದರೆ ಅಷ್ಟು ಬಿಗಿ ಹಿಡಿಯಬೇಕಿರಲಿಲ್ಲವೇನೋ ಅನ್ನಿಸುತ್ತದೆ. ಆ ಕಾಲಕ್ಕೆ ಅನ್ನಿಸಲಿಲ್ಲ. ನಾನು ಆ ಊರಿನಲ್ಲಿ ಇರುವವರೆಗೂ ಭಜನೆ ಕಟ್ಟೆಯ ಮೇಲೆಯೇ ನಡೆಯಿತು.

ಕರೆ ಬಂದು, ತರಬೇತಿ ಮುಗಿದು, ಎರಡು ಸಾವಿರದ ಇಸವಿ ದಾಟಿದ ಮೇಲೆ, ಬಾದಾಮಿ ಸೀಮೆಯ ಒಂದು ಹಳ್ಳಿಯ ಸಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಷ್ಟರಲ್ಲಿ ಎರಡು ಕಡೆಯಿಂದ ನೋಡಲು ಬಂದಿದ್ದರು. ಒಬ್ಬರು "ಮದಿವಿ ಆದ ಮ್ಯಾಲೆ ಅದನ್ನ ಬಿಡ್ತಾಳಲ್ಲ?" ಎಂದು ಅವ್ವನನ್ನು ಕೇಳಿದರು. ಇನ್ನೊಬ್ಬರು ನನ್ನನ್ನೇ ಕೇಳಿದರು. ಇಬ್ಬರಿಗೂ ನಾನೇ ಇಲ್ಲ ಎಂದೆ. ಮೂರನೆಯವರು ಅದರ ಮಾತೇ ಎತ್ತಲಿಲ್ಲ. ನಾನೇ ಎತ್ತಿದೆ. ಹುಡುಗ, "ಊದ್ರಿ. ನನಗ ಕ್ರಿಕೆಟ್ ಕಾಮೆಂಟ್ರಿ ಕೇಳಿಸಿದ್ರ ಸಾಕು," ಎಂದ. ಅವನೇ ನನ್ನ ಗಂಡ. ಅವನಿಗೆ ಇವತ್ತಿಗೂ ಸಂಗೀತದ ಗಂಧವಿಲ್ಲ, ಅದರಿಂದ ನನಗೆ ತೊಂದರೆಯೂ ಆಗಿಲ್ಲ.

ಒಂದು ವರ್ಷ ಬೇಸಿಗೆ ರಜೆಯಲ್ಲಿ ಮೌತ್‌ಪೀಸಿಗೆ ಬಿಗಿಯುವ ತೆಳು ಬೆತ್ತದ ರೀಡು ತರಲು ಗಂಡನೂ ನಾನೂ ಬಾಗಲಕೋಟೆಯ ನವನಗರಕ್ಕೆ ಹೋದೆವು. ಅಲ್ಲೊಂದು ಹೊಸ ವಾದ್ಯದ ಅಂಗಡಿಯಾಗಿತ್ತು. ಅಂಗಡಿಯವನು ನನ್ನ ಸ್ಯಾಕ್ಸೊಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಟೀಚರ್, ಇಂಥಾದ್ದನ್ನ ಕೂಡಿಡೋ ಒಬ್ರು ನನಗ ಗೊತ್ತದಾರ್ರಿ. ಇದನ್ನ ಕೊಡ್ರಿ, ಹೊಸ ಆಲ್ಟೋ ಒಯ್ರಿ. ಮ್ಯಾಲೇನೂ ಕೊಡೂದು ಬ್ಯಾಡ," ಎಂದ.

ಹೊಸದನ್ನು ಊದಿ ನೋಡಿದೆ. ಸುಳ್ಳು ಹೇಳುವುದಿಲ್ಲ, ಅದು ಚೊಲೋ ಇತ್ತು. ಕೀ ಮುಟ್ಟಿದರೆ ಸಾಕು, ತಾನಾಗಿ ಇಳಿಯುತ್ತಿತ್ತು. ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರ ಸರಿಯಾಗಿ ಬಂದವು, ತುಟಿಯಿಂದ ಹಿಡಿಯುವ ಕೆಲಸವೇ ಇರಲಿಲ್ಲ. ಹೀಗೂ ಊದಬಹುದಿತ್ತಲ್ಲ ಇಷ್ಟು ವರ್ಷ, ಎಂದು ಒಂದು ಕ್ಷಣ ಅನ್ನಿಸಿತು. ಅದೇ ಪದವನ್ನು ನನ್ನದರಲ್ಲಿ ಊದಿದೆ. ಮೇಲಿನ ಒಂದು ಸ್ವರ ಏರಿತು. ಹಿಡಿದು ತಂದೆ.

"ಹೊಸದ ಚೊಲೋ ಐತಿ," ಎಂದ ಗಂಡ. ಅವನಿಗೂ ಅಷ್ಟು ಗೊತ್ತಾಯಿತು.

"ಹೌದು, ಚೊಲೋ ಐತಿ," ಎಂದು ನನ್ನದನ್ನು ಚೀಲಕ್ಕೆ ಹಾಕಿಕೊಂಡೆ.

"ಮತ್ತ ಯಾಕ ಒಲ್ಲೆ ಅಂತೀರಿ?" ಎಂದ ಅಂಗಡಿಯವನು. ಕೇಳುವುದರಲ್ಲಿ ವ್ಯಂಗ್ಯವಿರಲಿಲ್ಲ, ಅವನಿಗೆ ನಿಜವಾಗಿ ತಿಳಿಯಲಿಲ್ಲ.

"ಅದನ್ನ ಊದಾವ್ರು ಭಾಳ ಮಂದಿ ಅದಾರ್ರಿ. ಇದನ್ನ ಕೂಡಿಡಾವ್ರ ಕಡೆ ಕೊಟ್ರ ಕಪಾಟಿನ್ಯಾಗ ಇಡ್ತಾರ. ನನ್ನ ಕಡೆ ಇದ್ರ ಊದಸ್ಕೋತೈತಿ. ಹಠ ಅಂತ ತಿಳೀರಿ ಬೇಕಾರ."

ನಾಲ್ಕು ಟೆನರ್ ರೀಡು ಕೊಂಡು ಹೊರಟೆವು.

ಆ ದಿನಗಳಲ್ಲಿ ನಾವು ಬಾದಾಮಿಯಲ್ಲಿ ಬಾಡಿಗೆಗಿದ್ದೆವು. ಹಿಂದೆ ಕೆಂಪು ಕಲ್ಲಿನ ಗುಡ್ಡ, ಮುಂದೆ ಒತ್ತೊತ್ತಾದ ಮನೆಗಳು. ಊದಿದರೆ ದನಿ ಗುಡ್ಡಕ್ಕೆ ಬಡಿದು ಎಲ್ಲರ ಮನೆಗೂ ಹೋಗುತ್ತಿತ್ತು. ಆ ಮನೆಗೆ ಬಂದು ವಾರ ಕಳೆಯುವುದರೊಳಗೆ ಎದುರುಮನೆಯ ಹಿರಿಯರು ಬಂದು ಹೊರಗಿನ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಕೊನೆಗೆ ವಿಷಯಕ್ಕೆ ಬಂದರು. "ಟೀಚರ್, ತಪ್ಪ ತಿಳೀಬ್ಯಾಡ್ರಿ. ಹೆಣ್ಣಮಕ್ಕಳು ಇದನ್ನೆಲ್ಲ... ಅದೂ ಅಲ್ದ, ಆ ದನಿನೂ ಒಂಥರಾ ಐತ್ರಿ."

"ಒಂಥರಾನ ಐತ್ರಿ," ಎಂದೆ. "ಅದು ಇರೂದ ಹಂಗ. ಮುಂಜಾನೆ ಏಳರಿಂದ ಎಂಟು ಊದ್ತೇನಿ. ಆ ಹೊತ್ತಿಗೆ ನಿಮಗೇನಾರ ಪೂಜಿ, ಪಾಠ ಇದ್ರ ಹೇಳ್ರಿ, ಸಂಜಿಗೆ ಹಾಕ್ಕೋತೇನಿ. ಊದೂದಂತೂ ಬಿಡಂಗಿಲ್ಲ."

ಅವರು ಲೋಟ ಕೆಳಗಿಟ್ಟರು. ಪೂಜೆ ಆರಕ್ಕೇ ಮುಗಿಯುತ್ತದೆ ಎಂದರು.

ಮರುದಿನ ಏಳಕ್ಕೆ ಸರಿಯಾಗಿ ಎದುರುಮನೆಯ ಎರಡು ಕಿಟಕಿ ಮುಚ್ಚಿದವು. ಮೂರನೆಯದು ತೆರೆದೇ ಇತ್ತು. ಯಾರು ಬಿಟ್ಟರೋ, ಯಾಕೆ ಬಿಟ್ಟರೋ ನಾನು ವಿಚಾರಿಸಲಿಲ್ಲ. ರೀಡು ಒದ್ದೆ ಮಾಡಿಕೊಂಡು, ಸಾ ಹಿಡಿದು, ಎಂಟರವರೆಗೆ ಊದಿದೆ.